ಒಳಗೆ ಬಿಟ್ಟ ಬಟ್ಟೆ

“ಅಳತೆ ಇಲ್ಲದೆ ರವಿಕೆಯಾ? ನನ್ನಿಂದಾಗುವುದಿಲ್ಲ,” ಎಂದು ಕಾಪುವಿನ ದರ್ಜಿ ಆಲ್ಫೋನ್ಸ್ ಕತ್ತರಿ ಕೆಳಗಿಟ್ಟ.

ಗುತ್ತಿಗೆದಾರ ಅಖಿಲ್ ಬಟ್ಟೆಯ ಥಾನುಗಳನ್ನು ಪೇರಿಸಿ ನಿಂತಿದ್ದ. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಶ್ರೀಲಂಕಾದ ಹೆಂಗಸರಿಗೆ ನಮ್ಮ ಸರಕಾರ ಸೀರೆ, ರವಿಕೆ ಕಳಿಸುತ್ತಿತ್ತು.

“ಅಳತೆ ತೆಗೆಯಲು ಸಿಲೋನಿಗೆ ಹೋಗ್ತೀರಾ ಮಾರಾಯ್ರೆ? ಎಲ್ಲರಿಗೂ ಒಂದೇ ಸೈಜು ಸಾಕು. ಶನಿವಾರ ಲಾರಿ ಉಂಟು. ಆಗದಿದ್ದರೆ ಹೇಳಿ, ಬೇರೆಯವರಿಗೆ ಕೊಡ್ತೇನೆ.”

ಬಿಡುವ ಹಾಗಿರಲಿಲ್ಲ. ಪೇಟೆ ತುಂಬ ರೆಡಿಮೇಡ್ ಅಂಗಡಿಗಳಾಗಿ ಆಲ್ಫೋನ್ಸನ ಮಿಷನ್ ತುಕ್ಕು ಹಿಡಿಯುವುದರಲ್ಲಿತ್ತು. ಅವನಿಗೆ ಬಟ್ಟೆ ಕೊಟ್ಟರೆ ಮದುವೆ ಮುಗಿದ ಮೇಲೆ ರವಿಕೆ ಸಿಗುತ್ತದೆ ಎಂದು ಊರ ಹೆಂಗಸರು ನಗುತ್ತಿದ್ದರು, ನಿಜ. ಆದರೆ ಬಿಗಿಯಾಯಿತೆಂದು ವಾಪಸು ತಂದವರು ಒಬ್ಬರೂ ಇಲ್ಲ. ಅದೊಂದು ಅವನ ಜಂಬ. ಹೆಂಡತಿ ಕಾನ್ಸೆಪ್ಟಾ ಪೇಪರಿನ ಫೋಟೊ ತಂದು ತೋರಿಸಿದಳು: ಶಿಬಿರದ ಮುಂದೆ ಪಾತ್ರೆ ಹಿಡಿದು ನಿಂತ ಹೆಂಗಸರು. ಅವರ ಭುಜದ ಮೂಳೆಗಳು ಎದ್ದು ಕಾಣುತ್ತಿದ್ದವು. ಆಲ್ಫೋನ್ಸ್ ಫೋಟೊ ನೋಡಿಯೇ ಅಳತೆ ಅಂದಾಜು ಮಾಡಿ ಕತ್ತರಿ ಎತ್ತಿಕೊಂಡ.

ಶುಕ್ರವಾರ ರವಿಕೆಗಳ ಕಟ್ಟು ಸಿದ್ಧವಾಗಿತ್ತು. ಅಖಿಲ್ ಬಂದವನೇ ಮೇಜಿನ ಅಡಿಗೆ ಬಗ್ಗಿ ನೋಡಿದ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುವ ಊರು ದರ್ಜಿಯನ್ನು ಮಾತ್ರ ನಂಬುತ್ತದೆಯೇ?

“ಉಳಿದ ತುಂಡುಗಳು ಎಲ್ಲಿ? ಇಷ್ಟು ಸಪೂರದ ರವಿಕೆಗೆ ಅಷ್ಟೂ ಬಟ್ಟೆ ಬೇಕಾಯ್ತಾ?”

“ಎಲ್ಲ ಅದರೊಳಗೇ ಉಂಟು.”

ಅಖಿಲ್ ಒಂದು ರವಿಕೆಯ ಒಳಮೈ ಹೊರಗೆ ಮಾಡಿದ. ಎರಡೂ ಬದಿಯಲ್ಲಿ ಹೊಲಿಗೆಯಾಚೆ ಬಟ್ಟೆ ಧಾರಾಳವಾಗಿ ಮಡಚಿ ಕೂತಿತ್ತು.

“ಇದೆಂತ ಇದು? ಊಟಕ್ಕೆ ಗತಿಯಿಲ್ಲದವರಿಗೆ ಒಳಗೆ ಇಷ್ಟು ಬಟ್ಟೆ ಬಿಡುವುದಾ? ಇನ್ನು ನಿಮಗೆ ಕೆಲಸ ಕೊಟ್ಟ ಹಾಗೆಯೇ!”

“ಮದುವೆಯ ದಿನ ಕಾನ್ಸೆಪ್ಟಾಳೂ ಕಡ್ಡಿಯ ಹಾಗೇ ಇದ್ದಳು. ಈಗ ನೋಡು.”

“ನನ್ನ ಸುದ್ದಿ ಬೇಡ!” ಎಂದು ಕಾನ್ಸೆಪ್ಟಾ ಒಳಗಿನಿಂದ ಗದರಿದಳು.

ಅಖಿಲ್ ನಕ್ಕುಬಿಟ್ಟ. ಆಲ್ಫೋನ್ಸ್ ನಗಲಿಲ್ಲ. ಅವನ ಕೈಯಿಂದ ರವಿಕೆ ತೆಗೆದುಕೊಂಡು, ಸರಿಮಾಡಿ, ಮಡಚಿ, ಕಟ್ಟಿನ ಮೇಲಿಟ್ಟ.

“ಯುದ್ಧ ಒಂದಲ್ಲ ಒಂದು ದಿನ ಮುಗೀತದೆ, ಅಲ್ವಾ? ಅವರು ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ತಾರೆ. ಆಗ ರವಿಕೆ ಬಿಗಿಯಾದರೆ ಬೈಯುವುದು ಸರಕಾರಕ್ಕಲ್ಲ ಮಾರಾಯ, ದರ್ಜಿಗೆ.”