ಮುಗಿದ ಪಾಲಿಸಿ

ನಲವತ್ತೇಳು ನಿಮಿಷ ತಡ. ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗಿ ಬಂದಾಗಿತ್ತು. ಹೋದ ಬುಧವಾರ ನಲವತ್ತೊಂದು. ಅದರ ಹಿಂದಿನ ಬುಧವಾರ ನಲವತ್ತು. ಏರುತ್ತಿದೆ.

ಗಡಿಯಾರ ರಿಪೇರಿ ಅವನ ಕಸುಬು. ಎಂಟೂವರೆಗೆ ಬಾ ಎಂದವರು ಎಂಟು ಮೂವತ್ತೊಂದಕ್ಕೆ ಬಂದರೆ ಮುಖ ತಿರುಗಿಸುವವನು. ಬೀದಿಯವರು ಇಟ್ಟ ಹೆಸರು ಮಿನಿಟಪ್ಪ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ನಡೆದರೆ ಮನೆಗೆ ಇಪ್ಪತ್ತೆರಡು ನಿಮಿಷ. ಉಳಿದ ನಿಮಿಷಗಳು ಯಾರ ಪಾಲಿಗೆ?

"ಯಾಕೆ ತಡ?"

"ಒಬ್ಬರು ಕಾಯ್ತಾ ಇದ್ರು."

"ಯಾರು?"

ಅವಳು ನಿಧಾನವಾಗಿ ನೀರು ಕುಡಿದಳು. "ನೀವು ನೋಡಿದೀರ. ಒಂದೇ ಸಲ."

"ಹೆಸರಿಲ್ವಾ ಅವನಿಗೆ?"

"ಇದೆ. ನೀವು ಕೇಳೋಕೆ ನಿಲ್ಲಲಿಲ್ಲ."

ಎಲ್ಲಿ ನೋಡಿದ್ದು? ಆಸ್ಪತ್ರೆಯ ಗೇಟಿನಲ್ಲಿ ಹಲ್ಲು ಬಿಡುವ ಆ ಎತ್ತರದ ಕಾಂಪೌಂಡರೇ?

ಅವಳು ಸ್ನಾನಕ್ಕೆ ಹೋದಳು. ಅವನು ಅವಳ ಚೀಲಕ್ಕೆ ಕೈ ಹಾಕಿದ. ಸಿಕ್ಕಿದ್ದು ಗಂಡಸಿನ ಬೂಟು. ಹೊಸದು. ಒಂದೇ ಒಂದು, ಎಡಗಾಲಿನದು. ಸೈಜು ಒಂಬತ್ತು, ಅವನದು ಏಳು. ಜೋಡಿಯ ಇನ್ನೊಂದು ಆಗಲೇ ಆ ಒಂಬತ್ತರವನ ಮನೆ ಸೇರಿರಬೇಕು. ಹದಿನಾರು ವರ್ಷದ ಸಂಸಾರದಲ್ಲಿ ಇವಳು ತನಗೊಂದು ಕಾಲುಚೀಲ ತಂದುಕೊಟ್ಟವಳಲ್ಲ.

ಇನ್ನೇನು ಸಾಗಿಸಿದ್ದಾಳೋ ಎಂದು ಬೀರು ತೆಗೆದ. ಒಡವೆ ಇದ್ದಲ್ಲೇ ಇತ್ತು. ಕಾರಿನ ಹೊಸ ಪಾಲಿಸಿಯೂ ಇತ್ತು. ಹಳೆಯದು ಮಾತ್ರ ಇಲ್ಲ. ಕಾರನ್ನು ಅವನಿಗೆ ದಾಟಿಸುವ ಹಂಚಿಕೆಯೋ? ಹಾಗಾದರೆ ಪೆದ್ದಿ. ಅದು ಸತ್ತ ಕಾಗದ. ಬೆಳಿಗ್ಗೆ ಹತ್ತು ಗಂಟೆಗೆ ಮಾಡಿಸಿದ ಪಾಲಿಸಿ. ಕೊನೆಯ ದಿನ ಹತ್ತನೇ ತಾರೀಖು. ಅಂದ ಮೇಲೆ ಮೂರು ತಿಂಗಳ ಹಿಂದೆ, ಹತ್ತನೇ ತಾರೀಖಿನ ಬೆಳಿಗ್ಗೆ ಹತ್ತಕ್ಕೆ ಅದರ ಉಸಿರು ನಿಂತಿತ್ತು. ಕೀಲಿ ಕೊಟ್ಟ ಹೊತ್ತಿಗೇ ಕೀಲಿ ಮುಗಿಯಬೇಕು; ಇದನ್ನು ಅವನಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ಹನ್ನೊಂದರ ಬೆಳಿಗ್ಗೆ ವಿಮಾ ಆಫೀಸಿನ ಶಟರು ಏಳುವ ಮೊದಲೇ ಹೋಗಿ ನಿಂತು ಹೊಸದು ಮಾಡಿಸಿದ್ದ. ಅದೇ ವಾರ ಹೊಸ ಹೆಡ್‌ಲೈಟು ಹಾಕಿಸಿ, ಹಿಂದಿನ ಗಾಜಿನ ಮೇಲಿದ್ದ ಅಂಗಡಿಯ ಗುರುತನ್ನೂ, ಆ ದೊಡ್ಡ ಗಡಿಯಾರದ ಚಿತ್ರವನ್ನೂ ಕೆರೆದು ತೆಗೆದಿದ್ದ. ಅಷ್ಟೆಲ್ಲ ಜೋಪಾನ ಮಾಡಿದ ಕಾರು, ಯಾವನಿಗೋ.

ಮುಂದಿನ ಬುಧವಾರ ಹಗಲಲ್ಲೇ ಅಂಗಡಿಗೆ ಬೀಗ ಹಾಕಿದ.

"ಏನ್ ಮಿನಿಟಪ್ಪನೋರೇ, ಇವತ್ತು ಟೈಮೇ ನಿಂತೋಯ್ತಾ?" ಎದುರಿನ ಕ್ಷೌರದಂಗಡಿಯವನು ನಕ್ಕ.

ಅವನು ತಿರುಗಿ ನೋಡದೆ ಆಸ್ಪತ್ರೆಯ ಕಡೆ ನಡೆದ. ಹೆಂಡತಿ ಆಸ್ಪತ್ರೆಯ ಗೇಟು ದಾಟಿ ಎಡಕ್ಕೆ ಹೊರಳಿದಳು. ಕಾಂಪೌಂಡರು ಜೊತೆಯಲ್ಲಿಲ್ಲ. ಗಿರಣಿಯ ಹಿಂದಿನ ರಸ್ತೆ. ಅವನ ಹೆಜ್ಜೆ ತಡವರಿಸಿತು. ಮೂರು ತಿಂಗಳಿಂದ ಈ ರಸ್ತೆ ಬಿಟ್ಟು ಸುತ್ತು ಬಳಸಿಯೇ ಓಡಾಡಿದವನು. ಆದರೂ ಹೊಟ್ಟೆಕಿಚ್ಚು ಬೆನ್ನಿಗೆ ಕೈ ಕೊಟ್ಟು ತಳ್ಳಿತು.

ಒಂದು ತಗಡಿನ ಕೋಣೆ. ಹೊರಗೆ ಗಾಲಿ ಮೇಲಾಗಿ ಮಗುಚಿಟ್ಟ ಕೈಗಾಡಿ, ಧೂಳು ತಿಂದದ್ದು. ಕಿಟಕಿಯ ಸಂದಿಗೆ ಕಣ್ಣಿಟ್ಟ. ಹೆಂಡತಿ ನೆಲದ ಮೇಲೆ ಮಂಡಿಯೂರಿದ್ದಳು. ಮಂಚದ ಅಂಚಿನಲ್ಲಿ ಕೂತ ಗಂಡಸಿನ ಪಾದ ಅವಳ ತೊಡೆಯ ಮೇಲಿತ್ತು. ಅವಳು ಆ ಬೂಟಿನ ದಾರ ಕಟ್ಟುತ್ತಿದ್ದಳು. ಅವನು ಏನೋ ಹೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಮನೆಯಲ್ಲಿ ಆ ನಗು ಕಂಡು ಮೂರು ತಿಂಗಳಾಗಿತ್ತು.

ಬಾಗಿಲು ಒದ್ದ. "ಯಾರೇ ಇವನು?"

ಗಂಡಸು ಏಳಲು ಹೋಗಿ ಗೋಡೆ ಹಿಡಿದ. ಬಲಗಾಲು ಮಂಡಿಗೇ ಮುಗಿದಿತ್ತು. ತಪ್ಪು ತನ್ನದೇ ಎಂಬಂತೆ ಅದರ ಮೇಲೆ ಪಂಚೆ ಎಳೆದುಕೊಂಡ.

ಹೆಂಡತಿ ಎದ್ದು ನಿಂತಳು. "ಬಂದ್ರಾ. ನೀವಾಗಿ ಬಾಯಿ ಬಿಡ್ತೀರೇನೋ ಅಂತ ದಿನಾ ಕಾದೆ. ಇವರು ಗಾಡಿ ಎಳೀತಿದ್ರು. ಹತ್ತನೇ ತಾರೀಖು, ಸಂಜೆ ಆರು. ಗಿರಣಿ ಸೈರನ್ ಕೂಗ್ತಿತ್ತು. ಪೊಲೀಸರು 'ಯಾವುದೋ ವಾಹನ ಗುದ್ದಿದೆ' ಅಂತ ಗೀಚಿ ಪುಸ್ತಕ ಮುಚ್ಚಿದ್ರು. ಕೈಗಾಡಿಯವರ ಕಾಲು ತಾನೇ? ಆದ್ರೆ ಬಿದ್ದಲ್ಲಿಂದ ಇವರು ಒಂದು ನೋಡಿದ್ರು. ಓಡಿ ಹೋಗ್ತಿದ್ದ ಕಾರಿನ ಹಿಂದಿನ ಗಾಜಲ್ಲಿ ಒಂದು ಗಡಿಯಾರ."

ಮಿನಿಟಪ್ಪ ಹಿಂದಿನ ಬಾಗಿಲು ಮುಚ್ಚಿದ.

"ನಿಲ್ಲಿಸ್ತಿದ್ದೆ ಕಣೇ," ಎಂದ. "ಆಣೆಗೂ ನಿಲ್ಲಿಸ್ತಿದ್ದೆ. ಅವತ್ತು ಬೆಳಿಗ್ಗೆ ಹತ್ತಕ್ಕೇ ಪಾಲಿಸಿ ಮುಗಿದಿತ್ತು. ನಿಲ್ಲಿಸಿದ್ರೆ ಅಂಗಡಿ, ಮನೆ, ಎಲ್ಲಾ ಮಾರಿ ಕೊಡ್ಬೇಕಾಗ್ತಿತ್ತು."

ಅವಳು ದಿಂಬಿನಡಿಯಿಂದ ಹಳೆಯ ಕಾಗದ ತೆಗೆದಳು. "ಇವರ ಪರಿಹಾರದ ಅರ್ಜಿಗೆ ಇದು ಬೇಕಿತ್ತು, ಅದಕ್ಕೇ ಬೀರುವಿಂದ ತಗೊಂಡು ಬಂದೆ. ಓದಿ." ಬೆರಳು ಕೊನೆಯ ಸಾಲಿನ ಮೇಲಿತ್ತು. ಹತ್ತನೇ ತಾರೀಖು, ರಾತ್ರಿ ಹನ್ನೊಂದು ಐವತ್ತೊಂಬತ್ತರವರೆಗೆ.

"ನೀವು ಇವರನ್ನ ಬಿಟ್ಟು ಓಡಿದಾಗ, ಇನ್ನೂ ಐದು ಗಂಟೆ ಐವತ್ತೊಂಬತ್ತು ನಿಮಿಷ ಇತ್ತು ರೀ."