ಕೆಂಪು ಹರಳಿನ ಪದಕ

ಹುಣಸಿಹಣ್ಣು ಕಿವುಚಿದಾಗೆಲ್ಲ ನಮ್ಮೂರು ಚಚಡಿಯ ಆ ಮಧ್ಯಾಹ್ನ ಕಣ್ಣಮುಂದ ತೇಲತೈತಿ.

ಮಿಲಿಟ್ರಿಯಾಗಿದ್ದ ಅಜ್ಜಗ ಕೊಟ್ಟ ಕೆಂಪು ಹರಳಿನ ಬೆಳ್ಳಿ ಪದಕ ದೇವರ ಜಗಲಿ ಮ್ಯಾಲ ಇತ್ತು. ಅಮಾಸಿಗೊಮ್ಮೆ ದೇವರ ಸಾಮಾನಿನ ಜೋಡಿ ಅದನ್ನೂ ತಿಕ್ಕತಿದ್ದೆವು. ಹಳೇ ಪದಕ ಕೂಡಿಸೋ ಬೆಳಗಾವಿಯ ಸಾಹುಕಾರಗ ಅದನ್ನ ಕೊಡತೇನಿ ಅಂತ ಅಪ್ಪ ಮಾತು ಕೊಟ್ಟು ಬಂದ. ಆವತ್ತಿನಿಂದ ಅಜ್ಜ ಸರಿಯಾಗಿ ಉಣಲಿಲ್ಲ.

ಸಾಹುಕಾರ ಬರೋ ದಿನ ಅಪ್ಪನ ಅವ್ವ, ನಮ್ಮ ಆಯಿ, ನನಗ ಹುಣಸಿಹಣ್ಣು, ಇಟ್ಟಂಗಿ ಪುಡಿ ಕೊಟ್ಟು, “ಅಜ್ಜನ ಹೆಸರು ಕೊರದ ಜಾಗಾದಾಗ ಜೋರ ತಿಕ್ಕ ಯವ್ವಾ,” ಅಂದಳು. ಬಿಸಿಲಾಗ ಕುಂತು ತಿಕ್ಕಿದೆ. ಹರಳು ದಾಳಿಂಬರಿ ಕಾಳಿನಂಗ ಉರಿಯಿತು.

ಸಾಹುಕಾರ ಭೂತಗನ್ನಡಿ ಹಿಡಿದು, “ಹೆಸರ ಅಳಿಸೇತಲ್ರಿ! ಹೆಸರಿಲ್ಲದ್ದು ನನಗ ಬ್ಯಾಡ,” ಅಂದ.

“ಹುಡುಗಿಗೆ ತಿಳೀಲಿಲ್ಲರಿ. ಚಾ ಕುಡೀರಿ,” ಅಂದಳು ಆಯಿ.

ಅಪ್ಪ ನನ್ನ ಕಪಾಳಕ್ಕೆ ಎರಡು ಬಿಟ್ಟ. ಅಜ್ಜ ಆಯಿಯ ಕಡೆ ನೋಡಿ, “ಊಟಕ್ಕ ಹಾಕ,” ಅಂದ.

ಮುಂದಿನ ಅಮಾಸಿಗೆ ಪದಕ ತಿಕ್ಕಾಕ ಹೋದರ ಆಯಿ ನನ್ನ ಕೈ ಹಿಡಿದು, “ಇನ್ನ ಇದನ್ನ ತಿಕ್ಕೂದು ಬ್ಯಾಡ ಯವ್ವಾ,” ಅಂದಳು.