ಎತ್ತಿದ ಕೈ

“ಒಪ್ಪಿಗೆ ಇರೋರು ಕೈ ಎತ್ರಪ್ಪಾ” ಎಂದು ಪಂಚಾಯಿತಿ ಅಧ್ಯಕ್ಷರು ಹೇಳಿದ್ದೇ ತಡ, ಫ್ಲುರಿನ್ ಬಲಗೈ ಎತ್ತಿಬಿಟ್ಟ. ಎತ್ತಿದ ಮೇಲೆ ನೆನಪಾಯಿತು, ಆ ಕೈಗೆ ಸುತ್ತಿದ್ದು ಮೆಂಜಿಯಾಳ ತಲೆವಸ್ತ್ರ. ಬೆಳಿಗ್ಗೆ ಸೌದೆ ಒಡೆಯುವಾಗ ಕೊಡಲಿ ತಗುಲಿ ರಕ್ತ ಸುರಿದಿತ್ತು. ಹಾಲು ಕೊಡಲು ಮೇಲಿನ ಕೇರಿಯಿಂದ ಇಳಿದು ಬಂದಿದ್ದ ಅವಳು ತನ್ನ ತಲೆಯ ಮೇಲಿದ್ದ ಕೆಂಪು ಹೂವಿನ ಬಟ್ಟೆಯನ್ನೇ ಬಿಚ್ಚಿ ಕಟ್ಟಿದ್ದಳು.

ಸಭೆಯ ಮುಂದಿದ್ದ ಮಾತು ಇಷ್ಟೇ: ಈ ಚಳಿಗಾಲದಿಂದ ಮೇಲಿನ ಕೇರಿಯ ದಾರಿಯಲ್ಲಿ ಹಿಮ ತೆಗೆಸುವುದು ಬೇಡ, ಆ ಖರ್ಚು ಕೆಳಗಿನ ಶಾಲೆಗಿರಲಿ. ಮುನ್ನೂರು ಜನರ ಊರಿನಲ್ಲಿ ಮೇಲೆ ಉಳಿದವರು ಏಳೇ ಮಂದಿ. “ಏಳು ಜನಕ್ಕೆ ಯಂತ್ರ ಓಡಿಸ್ಬೇಕಾ? ಅಲ್ಲಿ ಅವರಿಗಿಂತ ಮೇಕೆಗಳೇ ಜಾಸ್ತಿ!” ಎಂದು ಪಕ್ಕದ ಲಿನಾರ್ಡ್ ಅಂದಾಗ ಫ್ಲುರಿನ್ ಕೂಡ ನಕ್ಕಿದ್ದ.

ಈ ಸಲ ಕೈ ಎಣಿಸುವ ಸರದಿ ಮೆಂಜಿಯಾಳದೇ. ಬರಿತಲೆಯಲ್ಲಿ, ಸಾಲಿನಿಂದ ಸಾಲಿಗೆ, ತನ್ನ ಮನೆಯ ದಾರಿ ಮುಚ್ಚುವ ಕೈಗಳನ್ನು ತುಟಿಯಲ್ಲೇ ಎಣಿಸುತ್ತ ಅವಳು ಹತ್ತಿರ ಬಂದಳು. ಫ್ಲುರಿನ್‌ನ ಕೈ ತಾನಾಗಿಯೇ ಬಗ್ಗಿ, ತಲೆ ಕೆರೆಯುವವನ ಹಾಗೆ ಕಿವಿಯ ಪಕ್ಕ ನಿಂತಿತು. ಪೂರ್ತಿ ಇಳಿಸೋಣವೆಂದರೆ ಲಿನಾರ್ಡ್ ನೋಡುತ್ತಿದ್ದ.

ಅವಳು ಅವನ ಮುಂದೆ ನಿಂತಳು. ಬಟ್ಟೆಯ ಗಂಟು ಸಡಿಲವಾಗಿತ್ತು. ಬಗ್ಗಿ ಅದನ್ನು ಬಿಗಿ ಮಾಡಿದಳು.

“ಈ ಕೈ ಬೇಡ ಕಣೋ, ಮತ್ತೆ ರಕ್ತ ಬರತ್ತೆ” ಎಂದಳು ಮೆಲ್ಲಗೆ. “ಇನ್ನೊಂದು ಎತ್ತು. ಎಣಿಸ್ಕೋತೀನಿ.”